ಯಾರ ಕೈಯ ಮೊಳ

ಕಳೆದ ವರ್ಷ ಶ್ರಾವಣದ ಮೊದಲ ಸೋಮವಾರ, ಚಿತ್ರದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಿಂದ ಕಟ್ಟಿದ ಹೂವಿನ ಹದಿನೆಂಟು ಪೊಟ್ಟಣಗಳು ಹೊರಟವು. ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದವರು ಹರಿಯಬ್ಬೆ ಹಳ್ಳಿಯ ಅಕ್ಕ, ತಮ್ಮ. ಊರಿನ ಹೊಲಗಳಿಂದ ಸೇವಂತಿಗೆ, ಕನಕಾಂಬರ ತರಿಸಿ, ಹೆಂಗಸರ ಕೈಯಲ್ಲಿ ಕಟ್ಟಿಸಿ, ಫೋನಿನಲ್ಲಿ ಹೇಳಿದವರ ಮನೆಗೆ ಬೆಳಗಿನ ಪೂಜೆಗೆ ಮುಂಚೆ ಮುಟ್ಟಿಸುವುದು ಅವರ ಕಂಪನಿಯ ಕೆಲಸ. ಸ್ಟಾರ್ಟಪ್ ಎಂಬ ಮಾತನ್ನು ತಮ್ಮ ಮಾತ್ರ ಬಳಸುತ್ತಿದ್ದ. ಅಕ್ಕ ‘ಹೂವಿನ ಕೆಲಸ’ ಎನ್ನುತ್ತಿದ್ದಳು.

ಮೊದಮೊದಲು ಹೂ ಕಟ್ಟುತ್ತಿದ್ದವರು ಹಿಂದಿನ ಬೀದಿಯ ಮುಸ್ಲಿಂ ಹೆಂಗಸು ಒಬ್ಬರೇ. ಬೀದಿಯವರಿಗೆಲ್ಲ ಅವರು ಖಾಲಾ. ಮೊಳಕೈಯಿಂದ ನಡುಬೆರಳ ತುದಿಗೆ ಒಂದು ಮೊಳ ಅಳೆದು, ಮೇಲೆ ನಾಲ್ಕು ಹೂ ಕೊಸರು ಬಿಟ್ಟು ದಾರ ಕತ್ತರಿಸುತ್ತಿದ್ದರು. ಕೂಲಿ ಮೊಳದ ಲೆಕ್ಕ. ಎಲ್ಲ ಮನೆಗೂ ಅವರದೇ ಮೊಳ ಹೋಗುತ್ತಿದ್ದುದರಿಂದ ಯಾರೂ ಅಳತೆ ಕೇಳಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಹಿರಿಯೂರು, ಹೊಳಲ್ಕೆರೆ ಸೇರಿದವು. ಕಟ್ಟುವವರು ಹನ್ನೊಂದು ಮಂದಿಯಾದರು. ದೂರು ಬಂದದ್ದು ಆಗ. ದುರ್ಗದ ಗಿರಾಕಿಯೊಬ್ಬರು ಹೊಳಲ್ಕೆರೆಯ ತಂಗಿಗೆಂದು ಒಯ್ದ ಹೂವನ್ನು ಅಲ್ಲಿಗೆ ಇದೇ ಕಂಪನಿಯಿಂದ ಬಂದಿದ್ದ ಹೂವಿನ ಪಕ್ಕ ಇಟ್ಟು ನೋಡಿದ್ದರು.

“ದುರ್ಗಕ್ಕೊಂದು ಮೊಳ, ಹೊಳಲ್ಕೆರೆಗೊಂದು ಮೊಳ ಏನ್ರೀ?” ಎಂದು ಫೋನಿನಲ್ಲಿ ಕೇಳಿದರು.

ಎಲ್ಲರಿಗೂ ಒಂದೇ ಅಳತೆಯ ಕೋಲು ಕೊಡಿ ಎಂದವನು ನಾನು. ಪತ್ರಿಕೆಯಲ್ಲಿ ಕಾಲಂ ಅಳೆದೇ ನಿವೃತ್ತನಾದವನಿಗೆ ಬೇರೇನೂ ಹೊಳೆಯಲಿಲ್ಲ. ಯಾರ ಮೊಳ ಎಂಬುದನ್ನು ನಾನೂ ಕೇಳಲಿಲ್ಲ. ತಮ್ಮ ಅಂದೇ ಬಡಗಿಯ ಹತ್ತಿರ ಹೋಗಿ, ತನ್ನ ಕೈ ಅಳತೆ ಕೊಟ್ಟು ಕೋಲು ಮಾಡಿಸಿದ. ಅವನು ಆರಡಿ ಆಳು.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಖಾಲಾ ಆ ಕೋಲನ್ನು ತಂದು ನಮ್ಮ ಜಗಲಿಯ ಮೇಲೆ ಇಟ್ಟರು. ಜೊತೆಗೆ ದುರ್ಗದ ಉಳಿದ ಆರು ಜನ ಹೆಂಗಸರಿದ್ದರು.

“ಇದು ಯಾರ ಕೈಯಪ್ಪ?”

“ನಂದೇ ಖಾಲಾ,” ಎಂದ ತಮ್ಮ.

“ಹಂಗಾದ್ರೆ ಹೂವೂ ನೀನೇ ಕಟ್ಟು. ಒಂದು ಮೊಳದ ಕೂಲಿಗೆ ಒಂದೂಕಾಲು ಮೊಳ ಕಟ್ಟಾಕಾಗಲ್ಲ.”

“ಬೇಲಿ ಗೂಟ ಇದ್ದಂಗೈತೆ,” ಎಂದಳು ಹಿಂದಿದ್ದವಳೊಬ್ಬಳು. ಎಲ್ಲರೂ ನಕ್ಕರು. ಕೋಲನ್ನು ಮಾತ್ರ ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಹಬ್ಬಕ್ಕೆ ಮೂರೂ ಊರುಗಳಿಂದ ಬೇಡಿಕೆ ಬಂದಿತ್ತು. ಅಂದು ಹೂ ಮುಟ್ಟದಿದ್ದರೆ ಗಿರಾಕಿಗಳು ಮತ್ತೆ ಮಾರುಕಟ್ಟೆಗೇ ಹೋಗುತ್ತಾರೆ, ಕಂಪನಿ ಮುಚ್ಚಬೇಕಾಗುತ್ತದೆ ಎಂದು ಅಕ್ಕ ವಾರದ ಹಿಂದೆಯೇ ನನಗೆ ಹೇಳಿದ್ದಳು. ಅವಳು ಚಾಪೆ ತಂದು ಹಾಸಿದಳು.

“ತಪ್ಪು ನಮ್ದೇ. ಕುಂತ್ಕಳ್ರಿ. ಯಾರ ಕೈ ಇಟ್ಕಳಾಣ, ನೀವೇ ಹೇಳ್ರಿ.”

“ನಂದಂತೂ ಬ್ಯಾಡ. ಗಿಡ್ಡ ಐತೆ, ಗಿರಾಕಿ ಬೈತಾರೆ,” ಎಂದರು ಖಾಲಾ. “ಎಲ್ಲಾರ್ದೂ ಅಳಿ. ನಡುವಿಂದು ಯಾವ್ದೋ ಅದನ್ನ ಇಟ್ಕ.”

ಏಳೂ ಜನ ಒಬ್ಬೊಬ್ಬರಾಗಿ ಜಗಲಿಯ ಅಂಚಿಗೆ ಮೊಳಕೈ ಊರಿದರು. ಅಕ್ಕ ಬೆರಳ ತುದಿಗೆ ಸೀಮೆಸುಣ್ಣದ ಗೆರೆ ಎಳೆದಳು. ಹಿರಿಯೂರು, ಹೊಳಲ್ಕೆರೆಯ ನಾಲ್ವರು ತಂತಮ್ಮ ಮೊಳವನ್ನು ದಾರದಲ್ಲಿ ಅಳೆದು ಮಾರನೆಯ ಬೆಳಿಗ್ಗೆ ಕಳಿಸಿದರು. ಆಚೆ ಐದು, ಈಚೆ ಐದು ಗೆರೆ ಬಿಟ್ಟು ನಡುವೆ ಉಳಿದದ್ದು ಹಿರಿಯೂರಿನ ಒಬ್ಬಾಕೆಯದು. ಖಾಲಾ ಆಕೆಯನ್ನು ನೋಡಿರಲಿಲ್ಲ. ಆ ಅಳತೆಗೆ ಮಾಡಿಸಿದ ಹೊಸ ಕೋಲನ್ನು ತಮ್ಮದೇ ಕೈಗೆ ಹಿಡಿದು ನೋಡಿದರು.

“ಎರಡು ಬೆರಳು ಹೆಚ್ಚೈತೆ. ನಡೀಲಿ. ಆದ್ರೆ ಕೊಸರು ನನ್ ಇಷ್ಟ. ಅದಕ್ಕೂ ಒಂದು ಕೋಲು ತಂದೀಯ ಮತ್ತೆ!”

ಶಿವರಾತ್ರಿಯ ಬೆಳಿಗ್ಗೆ ಮೂರೂ ಊರುಗಳಿಗೆ ಹೂ ಹೋಯಿತು. ಹಿರಿಯೂರಿನಲ್ಲಿ ಎರಡು ಮನೆಗಳಿಗೆ ತಡವಾಯಿತು. ಅವರು ಗಿರಾಕಿಗಳಾಗಿಯೇ ಉಳಿದಿದ್ದಾರೆ.

ಈ ಶ್ರಾವಣಕ್ಕೆ ಕಂಪನಿಗೆ ವರ್ಷ ತುಂಬಿತು. ಮುಂದಿನ ಕೋಣೆ ಸಾಲದೆ ನಮ್ಮ ನಡುಮನೆಯ ಅರ್ಧವೂ ಹೂವಿನದಾಗಿದೆ. ಹೊಸದುರ್ಗದಲ್ಲಿ ಕೆಲಸ ಶುರುಮಾಡಲು ಆರು ಮಂದಿ ಸಿಕ್ಕಿದ್ದಾರೆ. ಕೋಲು ಕೊಡುವ ಮೊದಲು ಅವರ ಕೈಯನ್ನೂ ಅಳೆಯಬೇಕೆಂದು ಖಾಲಾ ಕಳೆದ ಗುರುವಾರ ಬಸ್ಸಿನಲ್ಲಿ ಹೋಗಿ ಬಂದರು. ಐದು ಜನರದು ಆಗಿದೆ. ಆರನೆಯವರು ಮತ್ತೋಡು ಹಳ್ಳಿಯವರು, ಅಂದು ಊರಲ್ಲಿರಲಿಲ್ಲ, ಅವರದೊಂದು ಬಾಕಿ ಇದೆ.