ಹೊಡೆತವಿಲ್ಲದ ಗಂಟೆ

ನಾಪೋಕ್ಲು ಮಾರ್ಕೆಟ್ ರಸ್ತೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಜಯಪ್ರಕಾಶರದು ತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಮದುವೆಯಾದವರಲ್ಲ. ಕೋಣೆಯ ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಹಳೆಯ ಬೆಡ್‌ಶೀಟ್ ಹೊದ್ದ ಕೀಬೋರ್ಡು. ಬೆಡ್‌ಶೀಟಿನ ತೆಳುವಾದ ಜಾಗದಿಂದ ಒಂದು ಕೆಂಪು ದೀಪ ಸದಾ ಕಾಣುತ್ತಿತ್ತು. ಕಳೆದ ಮೇ ತಿಂಗಳವರೆಗೆ, ಎಂಟು ವರ್ಷ, ಅದು ಆರಿದ್ದನ್ನು ಯಾರೂ ನೋಡಿರಲಿಲ್ಲ.

ಕಾರಣ ಹೀಗೆ. ಅದು ಎಂಬತ್ತರ ದಶಕದ ಜಪಾನಿ ಸಿಂಥಸೈಜರ್. ಅದರಲ್ಲಿ ಮೂವತ್ತೆರಡು ಸದ್ದುಗಳಿಗೆ ಜಾಗವಿದೆ. ಮೊದಲ ಹದಿನಾರು ಕಾರ್ಖಾನೆಯವರೇ ಹಾಕಿ ಕಳಿಸಿದವು, ಅಳಿಯುವುದಿಲ್ಲ. ಹದಿನೇಳರಿಂದ ಆಚೆಯ ಜಾಗ ನುಡಿಸುವವರದು. ಅವರು ಗುಂಡಿಗಳನ್ನು ಜಾರಿಸಿ ತಮಗೆ ಬೇಕಾದ ಸದ್ದು ಮಾಡಿಕೊಂಡು ಅಲ್ಲಿ ಇಡಬಹುದು. ಇಟ್ಟ ಮೇಲೆ ಗುಂಡಿಗಳು ಎಲ್ಲಿದ್ದವು ಎಂದು ಯಂತ್ರ ತೋರಿಸುವುದಿಲ್ಲ, ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಕರೆಂಟ್ ಇಲ್ಲದಾಗ ಆ ಸದ್ದುಗಳನ್ನು ಕಾಯುವುದು ಒಳಗೆ ಬೆಸುಗೆ ಹಾಕಿದ ಒಂದು ನಾಣ್ಯದಂಥ ಬ್ಯಾಟರಿ. ಎಂಟು ವರ್ಷದ ಹಿಂದೆ ಕೀಲಿಯೊಂದು ಕೈಕೊಟ್ಟಾಗ ಮೈಸೂರಿನ ರಿಪೇರಿಯವನು ಯಂತ್ರ ಬಿಚ್ಚಿ ಬ್ಯಾಟರಿಗೆ ಮೀಟರ್ ಹಿಡಿದಿದ್ದ.

"ಮೂರು ವೋಲ್ಟ್ ಇರ್ಬೇಕಿತ್ತು ಸಾರ್, ಎರಡೂ ಕಾಲು ಇದೆ. ಇದನ್ನ ಕಿತ್ತು ಬೇರೆ ಹಾಕಿದ್ರೆ ಒಳಗಿರೋದು ಹೋಗುತ್ತೆ. ಕೀಳ್ದೆ ಇದ್ರೂ ಒಂದಿನ ಹೋಗುತ್ತೆ. ಇರ್ಬೇಕು ಅಂದ್ರೆ ಆಫ್ ಮಾಡ್ಲೇಬೇಡಿ."

ಜಯಪ್ರಕಾಶ್ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಪ್ಲಗ್ ಹಾಕಿದರು, ಹದಿನೇಳನೆಯ ಸದ್ದು ಇನ್ನೂ ಇತ್ತು. ಆಮೇಲೆ ಆಫ್ ಮಾಡಲಿಲ್ಲ. ಕರೆಂಟ್ ಹೋದರೆ ಇನ್ವರ್ಟರ್ ಇತ್ತು, ಅದು ಆರು ಗಂಟೆ ತಾಳುತ್ತಿತ್ತು. ಅದಕ್ಕೂ ಮೀರಿದರೆ ಮೈಕ್ ಸೆಟ್ಟಿನ ಜನರೇಟರನ್ನು ಅವರೇ ಎಳೆದು ತಂದು ಹಗ್ಗ ಜಗ್ಗಬೇಕು. ಕರೆಂಟ್ ಯಾವಾಗ ಹೋಗುತ್ತದೆಂದು ಈ ಕಡೆ ಯಾರೂ ಹೇಳುವಂತಿಲ್ಲ. ಹಾಗಾಗಿ ಅವರು ಎಂಟು ವರ್ಷ ಬೇರೆಲ್ಲೂ ಒಂದು ರಾತ್ರಿ ಉಳಿಯಲಿಲ್ಲ. ಮಡಿಕೇರಿಯಲ್ಲಿರುವ ಅಕ್ಕ ಚೋಮಿಯ ಹಿರಿಮಗಳ ಮದುವೆಗೆ ಬೆಳಗ್ಗೆ ಹೋಗಿ, ಊಟಕ್ಕೆ ಮೊದಲೇ ಹೊರಟರು.

"ನಿನ್ನ ಪೆಟ್ಟಿಗೆಗೆ ಜೀವ ಉಟ್ಟು, ನಂಗೆ ಇಲ್ಲೆನಾ?" ಎಂದು ಅಕ್ಕ ಮನೆಮಾತಾದ ಅರೆಭಾಷೆಯಲ್ಲೇ ಎಲ್ಲರೆದುರು ಕೇಳಿದ್ದರು.

ಹದಿನೇಳು ಅಶೋಕ್ ಮಾಡಿದ ಸದ್ದು. ಅಶೋಕ್ ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಗ. ಇಬ್ಬರೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದರು. ಅಶೋಕನ ಚಿಕ್ಕಪ್ಪ ಗಲ್ಫಿನಿಂದ ತರುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಗಿಟಾರೂ ಇಲ್ಲದ, ಡ್ರಮ್ಮೂ ಇಲ್ಲದ, ಯಂತ್ರಗಳೇ ನುಡಿಯುವ ಪಾಪ್ ಹಾಡುಗಳಿರುತ್ತಿದ್ದವು. ಸಾಹಿತ್ಯ ಅರ್ಥವಾಗುತ್ತಿರಲಿಲ್ಲ. ಸದ್ದು ಅರ್ಥವಾಗುತ್ತಿತ್ತು. ತಣ್ಣಗಿನ, ಅಗಲವಾದ, ಯಾವ ಊರಿಗೂ ಸೇರದ ಸದ್ದು. ಅದರ ಆಸೆಗೆ ಇಬ್ಬರೂ ಈ ಯಂತ್ರ ಕೊಂಡರು. ಆದರೆ ಮದುವೆ ಮನೆಯವರಿಗೆ ಬೇಕಾದದ್ದು ಸಿನಿಮಾ ಹಾಡು. ವಾಲಗದವರು ಮೂಲೆಯಲ್ಲಿ ಬೀಡಿ ಹಚ್ಚಿಕೊಂಡು ತಮಾಷೆ ಮಾಡುತ್ತಿದ್ದರು: "ಕರೆಂಟ್ ಹೋದ್ರೆ ನಿಮ್ಮ ಸಂಗೀತ ಎಲ್ಲಿಗೆ ಹೋಗ್ತದೆ ಮಾರಾಯ್ರೇ? ನಮ್ಮದು ಇಲ್ಲೇ ಇರ್ತದೆ."

ಒಂದು ಮಧ್ಯಾಹ್ನ ಎಸ್ಟೇಟ್ ಕ್ವಾರ್ಟರ್ಸಿನಲ್ಲಿ ಅಶೋಕ್ ಗುಂಡಿಗಳನ್ನು ಜಾರಿಸುತ್ತ ಕೂತಿದ್ದ. ಆಳುಗಳ ಲೈನ್ ಮನೆಗಳ ಹತ್ತಿರ ಹಲಸಿನ ಮರಕ್ಕೆ ಒಂದು ತುಂಡು ರೈಲು ಕಂಬಿ ನೇತುಹಾಕಿದ್ದರು. ರೈಲೇ ಇಲ್ಲದ ಜಿಲ್ಲೆಗೆ ಆ ಕಂಬಿ ಹೇಗೆ ಬಂತೋ. ಬೆಳಗ್ಗೆ ಆಳುಗಳನ್ನು ಕರೆಯಲು ಅದಕ್ಕೆ ಹೊಡೆಯುತ್ತಿದ್ದರು. ಅಶೋಕನ ಸದ್ದು ಆ ಗಂಟೆಯ ಸದ್ದಿನಂತಿತ್ತು, ಆದರೆ ಹೊಡೆತ ಮಾತ್ರ ಇರಲಿಲ್ಲ. ಠಣ್ ಎಂಬುದನ್ನು ಕತ್ತರಿಸಿ ತೆಗೆದು, ಆಮೇಲೆ ಕಾಫಿ ಗಿಡಗಳ ಮೇಲೆ ಹರಡಿ ಹೋಗುವ ಗುಂಯ್ಯನ್ನಷ್ಟೇ ಉಳಿಸಿದ ಹಾಗೆ. ಎಲ್ಲಿಂದ ಶುರುವಾಯಿತೆಂದು ಗೊತ್ತಾಗುತ್ತಿರಲಿಲ್ಲ. ಜಯಪ್ರಕಾಶ್ ಅದರಲ್ಲಿ ಎರಡು ನಿಮಿಷದ ಒಂದು ರಾಗ ಕಟ್ಟಿದರು. ಪ್ರತಿ ಕಾರ್ಯಕ್ರಮಕ್ಕೂ ಮೊದಲು, ಜನ ಕುರ್ಚಿ ಎಳೆದುಕೊಳ್ಳುವಾಗ ಅದನ್ನು ನುಡಿಸುತ್ತಿದ್ದರು. ಅದೊಂದೇ ಅವರ ಸ್ವಂತದ್ದು. ಕೇಳಿದವರು ಯಾರೂ ಇಲ್ಲ.

ಆರ್ಕೆಸ್ಟ್ರಾ ಐದು ವರ್ಷ ನಡೆದು ನಿಂತಿತು. ಜಗಳವೇನೂ ಆಗಲಿಲ್ಲ. ಅಶೋಕ್ ಅಪ್ಪನ ಜಾಗದಲ್ಲಿ ರೈಟರ್ ಆದ, ಆಳುಗಳು ಕೊಯ್ದ ಕಾಫಿಯ ತೂಕ ಬರೆಯುವುದರಲ್ಲಿ ಮುಳುಗಿದ. ಯಂತ್ರ ಜಯಪ್ರಕಾಶರ ಬಳಿ ಉಳಿಯಿತು.

ಈಗ ಆ ಕಾಲದ ಸದ್ದು ಮತ್ತೆ ಬಂದಿದೆ. ಅಕ್ಕನ ಕಿರಿಮಗಳು ರಶ್ಮಿತಾ ಪ್ರತಿ ಶುಕ್ರವಾರ ಹೊಸದಾಗಿ ಬಿಡುಗಡೆಯಾದ, ಅಂಥದೇ ಯಂತ್ರಗಳು ನುಡಿಯುವ ಸಿಂತ್‌ಪಾಪ್ ಹಾಡುಗಳನ್ನು ಮಾವನಿಗೆ ಕಳಿಸುತ್ತಾಳೆ. ಸ್ವೀಡನ್ನಿನ ಹುಡುಗಿ, ಮೆಕ್ಸಿಕೋದ ಹುಡುಗ, ಎಲ್ಲರೂ ಎಂಬತ್ತರ ದಶಕ ಮುಗಿದು ಎಷ್ಟೋ ಕಾಲದ ಮೇಲೆ ಹುಟ್ಟಿದವರು. ಹಳೆಯ ಯಂತ್ರಗಳ ಸದ್ದುಗಳೆಲ್ಲ ಈಗ ಅವರ ಕಂಪ್ಯೂಟರಿನೊಳಗೆ ಇವೆ. ಹಾಡಿನ ಸದ್ದು ತಮ್ಮ ಯಂತ್ರದ ಎಷ್ಟನೆಯದೆಂದು ಗುರುತಿಸುವುದು ಮಾವ ಸೊಸೆಗೆ ಒಂದು ಆಟ.

"ಮಾವ, ಇದು ಎಷ್ಟನೇ ನಂಬರು?"

"ಆರು. ಹಿಂದೆ ಹದಿನಾಲ್ಕನ್ನೂ ಸೇರ್ಸಿದ್ದಾರೆ."

"ಹುಚ್ಚು ನಿಮ್ಗೆ!"

ಹಾಡುಗಳ ಕೆಳಗೆ ಜನ ಬರೆದದ್ದನ್ನು ಅವರು ಓದುತ್ತಿದ್ದರು. ಆ ಕಾಲದಲ್ಲಿ ನಾವಿರಬೇಕಿತ್ತು ಎಂದು ಯಾರೋ ದೂರದವರು ಬರೆದಿರುತ್ತಿದ್ದರು. ಜಯಪ್ರಕಾಶ್ ಆ ಕಾಲದಲ್ಲಿ ಇದ್ದರು. ಆಗಲೂ ಇದನ್ನು ಕೇಳಲು ಜೊತೆಗೆ ಇದ್ದವನು ಅಶೋಕ್ ಒಬ್ಬನೇ. ಒಂದರಿಂದ ಹದಿನಾರರವರೆಗೆ ಜಗತ್ತಿನಲ್ಲಿ ಎಲ್ಲ ಕಡೆ ಇದ್ದವು. ಹದಿನೇಳು ಮಾತ್ರ ಯಾವ ಶುಕ್ರವಾರವೂ ಬರುವಂತಿರಲಿಲ್ಲ. ಅದು ಇದ್ದದ್ದು ನಾಪೋಕ್ಲುವಿನ ಆ ಮೇಜಿನ ಮೇಲೆ.

ಏಪ್ರಿಲಿನಲ್ಲಿ ಬಂದಾಗ ರಶ್ಮಿತಾ ಅದರ ಒಂದು ಸ್ವರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. "ಇಷ್ಟು ಸಾಕಲ್ವಾ ಮಾವ?"

"ಫೋಟೋ ಇದ್ರೆ ಆಳು ಇದ್ದ ಹಾಗಾ?" ಎಂದರು. ಕೀಲಿ ಮೆಲ್ಲಗೆ ಒತ್ತಿದರೆ ಒಂದು ಬಗೆ, ಇನ್ನೊಂದು ಸ್ವರ ಸೇರಿದರೆ ಇನ್ನೊಂದು ಬಗೆ. ಅದು ರೆಕಾರ್ಡಿಗೆ ಬರುವುದಿಲ್ಲ.

"ಬೇರೆಲ್ಲೂ ಕಾಪಿ ಇಲ್ವಾ?"

ಆಗ ಅವರಿಗೆ ನೆನಪಾಯಿತು. ಆ ಯಂತ್ರ ತನ್ನ ಸದ್ದುಗಳ ಲೆಕ್ಕವನ್ನು ಮಾಮೂಲಿ ಕ್ಯಾಸೆಟ್ಟಿಗೆ ಇಳಿಸಬಲ್ಲದು, ಕ್ಯಾಸೆಟ್ಟಿನಿಂದ ವಾಪಸ್ ಪಡೆಯಬಲ್ಲದು. ಇಳಿಸುವ ತೂತು ಶೀತಕ್ಕೆ ತುಕ್ಕು ಹಿಡಿದು ಸತ್ತು ಬಹಳ ಕಾಲವಾಗಿತ್ತು. ಪಡೆಯುವ ತೂತು ಚೆನ್ನಾಗಿತ್ತು. ಹೊಸತರಲ್ಲಿ ಅಶೋಕ್ ಒಂದು ಕ್ಯಾಸೆಟ್ ಇಳಿಸಿಟ್ಟುಕೊಂಡಿದ್ದ. ಅದು ಸಿಕ್ಕಿದರೆ ಬ್ಯಾಟರಿ ಬದಲಾಯಿಸಬಹುದು, ಸದ್ದನ್ನು ಮತ್ತೆ ತುಂಬಬಹುದು. ಯಂತ್ರ ಆಫ್ ಮಾಡಿ ಎಲ್ಲಿಗೆ ಬೇಕಾದರೂ ಹೋಗಬಹುದು.

ರಶ್ಮಿತಾಳೇ ಯಾರ್ಯಾರನ್ನೋ ಕೇಳಿ ಅಶೋಕನ ನಂಬರ್ ಹುಡುಕಿದಳು.

"ಜೇಪಿಯಾ? ಇನ್ನೂ ಬದುಕಿದ್ದೀಯಾ ಮಾರಾಯ!" ಎಂದ ಅಶೋಕ್. ಜಯಪ್ರಕಾಶ್ ಬ್ಯಾಟರಿಯ ವಿಷಯ ಹೇಳಿ ಕ್ಯಾಸೆಟ್ ಕೇಳಿದರು. "ಕ್ಯಾಸೆಟ್ಟಾ? ಒಂದು ಟ್ರಂಕ್ ತುಂಬ ಉಂಟು. ಬಾ, ಹುಡುಕುವ. ಊಟಕ್ಕೆ ಇಲ್ಲೇ ಇರು."

ಮೇ ಮೊದಲ ವಾರದ ಒಂದು ಬೆಳಗ್ಗೆ, ಆಕಾಶ ತಿಳಿಯಾಗಿರುವುದನ್ನು ನೋಡಿಕೊಂಡು, ಇನ್ವರ್ಟರ್ ಪೂರ್ತಿ ತುಂಬಿದೆಯೆಂದು ಖಾತ್ರಿ ಮಾಡಿಕೊಂಡು ಅವರು ವಿರಾಜಪೇಟೆ ಬಸ್ಸು ಹತ್ತಿದರು. ಅಲ್ಲಿಂದ ಸಿದ್ದಾಪುರಕ್ಕೆ ಇನ್ನೊಂದು ಬಸ್ಸು.

ಅಶೋಕ್ ನಿವೃತ್ತನಾಗಿ ಎಸ್ಟೇಟಿನ ಅಂಚಿನಲ್ಲೇ ಮನೆ ಕಟ್ಟಿಕೊಂಡಿದ್ದ. ಹೆಂಡತಿ ಚಲುವಮ್ಮ ಕುಶಾಲನಗರದ ಕಡೆಯವರು. ಟ್ರಂಕಿನಲ್ಲಿ ಕ್ಯಾಸೆಟ್ ಸಿಕ್ಕಿತು, ಮೇಲೆ ಅಶೋಕನ ಅಕ್ಷರದಲ್ಲಿ ‘ಕೀಬೋರ್ಡ್’ ಎಂದು ಬರೆದಿತ್ತು. ಕೇಳಿದರೆ ಕಿರ್ರ್ ಎಂಬ ಕರ್ಕಶ ಸದ್ದು ಬರಬೇಕು, ಅದೇ ಆ ಲೆಕ್ಕ. ಜಯಪ್ರಕಾಶ್ ಅದನ್ನು ಟೇಪ್ ರೆಕಾರ್ಡರಿಗೆ ಹಾಕಿ ಒತ್ತಿದರು.

ಮಗುವೊಂದು ಅಳುವ ಸದ್ದು ಬಂತು. ಹಿಂದೆ ಹೆಂಗಸರ ನಗು, ತಟ್ಟೆ ಲೋಟದ ಸದ್ದು.

"ಅಯ್ಯೋ," ಎಂದು ಚಲುವಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು. "ಇದು ನಮ್ ಮನು ನಾಮಕರಣದ್ದು ಕಣಣ್ಣ. ಇದ್ರಲ್ಲಿ ಬರೀ ಕಿರ್ರ್ ಅಂತಿತ್ತು. ಕ್ಯಾಸೆಟ್ ಕೆಟ್ಟೋಗದೆ ಅಂತ ನಾನೇ ಅದ್ರ ಮೇಲೆ ತುಂಬಿಸ್ದೆ."

"ಎರಡೂ ಕಡೆಯಾ?" ಎಂದು ಜಯಪ್ರಕಾಶ್ ಕೇಳಿದರು.

"ಎರಡೂ ಕಡೆ."

ಅಷ್ಟರಲ್ಲಿ ಟೇಪಿನೊಳಗೆ ಒಬ್ಬ ಮುದುಕಿ ಹತ್ತಿರ ಬಂದು, ಇದು ಎಂಥ ಪೆಟ್ಟಿಗೆ, ಇದಕ್ಕೆ ನಾನು ಹಾಡಬೇಕಾ ಎಂದು ಕೇಳಿದಳು. ಯಾರೋ ಹೂಂ ಎಂದರು. ಮುದುಕಿ ಲಾಲಿಯ ಎರಡು ಸಾಲು ಹಾಡಿ, ಮರೆತು, ತಾನೇ ನಕ್ಕಳು.

"ಅಮ್ಮ," ಎಂದ ಅಶೋಕ್.

ಅವನ ಅಮ್ಮ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳ ದನಿ ಎಲ್ಲಾದರೂ ಉಳಿದಿದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡ ಹೆಂಡತಿ ನೆಲದ ಮೇಲೆ ಟೇಪ್ ರೆಕಾರ್ಡರಿಗೆ ಬಾಗಿ ಕೂತರು. ಒಂದು ಬದಿ ಮುಗಿಯಿತು, ತಿರುಗಿಸಿ ಹಾಕಿದರು. ಜಯಪ್ರಕಾಶ್ ಗಡಿಯಾರ ನೋಡಿದರು, ಬಸ್ಸಿನ ವೇಳೆ ದಾಟುತ್ತಿತ್ತು. ಏಳಲಾಗಲಿಲ್ಲ.

ಎಲ್ಲ ಮುಗಿದ ಮೇಲೆ ಅಶೋಕ್ ಕಣ್ಣೊರೆಸಿಕೊಂಡು ಜೋರಾಗಿ ನಕ್ಕ. "ನೀನು ಬರದಿದ್ರೆ ಇದು ಟ್ರಂಕಿನಲ್ಲೇ ಕೊಳೀತಿತ್ತು ಮಾರಾಯ. ಅಲ್ಲ, ಆ ಹದಿನೇಳು ನಿಂಗ್ಯಾಕೆ ಈಗ? ಅದು ಸರಿಯಾಗಿ ಬಂದೇ ಇರ್ಲಿಲ್ಲ. ನಾನು ಪೂರ್ತಿ ಗಂಟೆ ಮಾಡೋಕೆ ಹೊರಟಿದ್ದು. ಆ ಠಣ್ ಉಂಟಲ್ಲ, ಅದು ಬರ್ಲೇ ಇಲ್ಲ. ಬೇಜಾರಾಗಿ ಬಿಟ್ಟೆ."

"ಬೇಜಾರಾಗಿ ಬಿಟ್ಟಿದ್ದಾ?"

"ಮತ್ತೆ? ಕಂಬಿ ಇನ್ನೂ ಅಲ್ಲೇ ನೇತಾಡ್ತಾ ಉಂಟು. ಬಾ, ನೀನೇ ಹೊಡೆದು ನೋಡು."

ಹೋದರು. ಈಗ ಆಳುಗಳನ್ನು ಕರೆಯಲು ಮೇಸ್ತ್ರಿಯ ಫೋನು ಸಾಕು. ಕಂಬಿಯ ಮೇಲೆ ಪಾಚಿ ಕಟ್ಟಿತ್ತು. ಅಶೋಕ್ ಕಲ್ಲಿನಿಂದ ಹೊಡೆದ. ಒರಟು ಠಣ್, ಅದರ ಹಿಂದೆ ಒಂದು ಮೊಂಡ ಗುಂಯ್. ಜಯಪ್ರಕಾಶ್ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಹದಿನೇಳು ಇದರ ಹಾಗೆ ಇರಲೇ ಇಲ್ಲ. ಇಷ್ಟು ವರ್ಷ ಅವರು ಕೇಳಿದ್ದು ಈ ಕಂಬಿಯನ್ನಲ್ಲ, ಇನ್ನಾವುದನ್ನೋ.

"ಹೇಗೆ?" ಎಂದ ಅಶೋಕ್.

"ಚೆನ್ನಾಗುಂಟು," ಎಂದರು.

ವಿರಾಜಪೇಟೆ ತಲುಪುವಾಗ ಗುಡುಗು ಶುರುವಾಗಿತ್ತು. ನಾಪೋಕ್ಲು ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ರಸ್ತೆಗೆ ಅಡ್ಡವಾಗಿ ಒಂದು ದೊಡ್ಡ ಮರ ಬಿದ್ದಿತ್ತು, ಅದರ ಕೆಳಗೆ ಕರೆಂಟ್ ತಂತಿ. ಗರಗಸ ತರಿಸಿದರು, ಕೊಯ್ದರು, ಜನ ಇಳಿದು ಕೊಂಬೆ ಎಳೆದರು. ಜಯಪ್ರಕಾಶರೂ ಎಳೆದರು.

"ನಿಧಾನ ಸಾರ್, ಮನೇಲಿ ಹೆಂಡ್ತಿ ಹೆರಿಗೆಯಾ?" ಎಂದು ಕಂಡಕ್ಟರ್ ನಕ್ಕ.

ಮುಸ್ಸಂಜೆಗೆ ಅಂಗಡಿ ಬಾಗಿಲು ತೆಗೆದಾಗ ಲೈಟ್ ಉರಿಯಿತು. ಬೆಡ್‌ಶೀಟಿನ ಒಳಗಿಂದ ಕೆಂಪು ದೀಪವೂ ಕಾಣುತ್ತಿತ್ತು. ಅವರು ಬಾಗಿಲಲ್ಲೇ ನಿಂತು ಉಸಿರು ಬಿಟ್ಟರು. ಆಮೇಲೆ ಪಕ್ಕದಂಗಡಿಯ ಲಿಂಗ ಬಂದು ಹೇಳಿದ: "ನೀವು ಹೋದ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯ್ತು ಜೇಪಣ್ಣ. ನಿಮ್ಮ ಇನ್ವರ್ಟರ್ ಒಂದಷ್ಟು ಹೊತ್ತು ಕುಂಯ್ ಕುಂಯ್ ಅಂತ ಕೂಗ್ತು, ಆಮೇಲೆ ಅದೂ ನಿಂತುಹೋಯ್ತು. ಕರೆಂಟ್ ಈಗಷ್ಟೇ ಬಂದದ್ದು."

ಲಿಂಗ ಹೋದ ಮೇಲೆ ಅವರು ಕೂತು ಹದಿನೇಳನ್ನು ಒತ್ತಿದರು. ಒಂದು ಸ್ವರ ನುಡಿಸಿದರು. ಡಬ್ಬಿಯೊಳಗೆ ಸಿಕ್ಕ ಕಣಜದಂಥ ಬರಿಯ ಗರಗರ ಬಂತು. ಇನ್ನೊಂದು ಸ್ವರ, ಅದೇ ಗರಗರ. ಹದಿನೆಂಟು, ಹತ್ತೊಂಬತ್ತು, ಎಲ್ಲ ಹಾಗೇ. ಕೈ ತೊಡೆಯ ಮೇಲಿಟ್ಟುಕೊಂಡು ಕೂತರು.

ಫೋನ್ ಬಂತು. ಅಶೋಕ್.

"ತಲುಪಿದ್ಯಾ? ಮರ ಬಿತ್ತಂತೆ. ನಮ್ಮಿಂದ ನಿಂಗೆ ಲೇಟಾಯ್ತು ನೋಡು. ಇವ್ಳು ಆಗಿಂದ ಅದನ್ನೇ ಹೇಳ್ತಿದ್ದಾಳೆ, ಕರೆಂಟಿಲ್ದೆ ಅಣ್ಣನ ಹದಿನೇಳು ಹೋಗಿದ್ರೆ ನಂಗೆ ನಿದ್ದೆ ಬರಲ್ಲ ಅಂತ. ಉಂಟಾ ಅದು?"

ಜಯಪ್ರಕಾಶ್ ಕಿಟಕಿಯ ಹೊರಗೆ ನೋಡಿದರು. "ಉಂಟು," ಎಂದರು.

"ಅಬ್ಬ! ಹಾಗಾದ್ರೆ ಒಂದ್ಸಲ ಕೇಳಿಸು ಮಾರಾಯ. ಎಷ್ಟು ಕಾಲ ಆಯ್ತು."

ಅವರು ಒಂಬತ್ತನ್ನು ಒತ್ತಿದರು. ಅದು ಕಾರ್ಖಾನೆಯ ಗಂಟೆ, ಇತ್ತೀಚೆಗೆ ಸ್ವೀಡನ್ನಿನ ಹುಡುಗಿಯ ಹಾಡಿನಲ್ಲೂ ಇದ್ದದ್ದು. ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು ತಮ್ಮ ಹಳೆಯ ರಾಗದ ಮೊದಲ ಸಾಲು ನುಡಿಸಿದರು. ಠಣ್, ಠಣ್ ಎಂದು ಸ್ಪಷ್ಟವಾಗಿ ಬಂತು.

"ಅದೇ!" ಎಂದು ಅಶೋಕ್ ಆ ಕಡೆಯಿಂದ ಕೂಗಿದ. "ಅದೇ ಕಣಾ! ಠಣ್ ಕೂಡ ಬಂದಿತ್ತಲ್ಲ ಅದ್ರಲ್ಲಿ. ನಾನೇ ಮರ್ತಿದ್ದೆ. ಕೇಳಿದ್ಯೇನೇ?"

"ದೇವಸ್ಥಾನದ ಗಂಟೆ ಇದ್ದಂಗದೆ ಅಣ್ಣ," ಎಂದು ಚಲುವಮ್ಮನ ದನಿ ಹಿಂದಿನಿಂದ ಬಂತು.

"ಇನ್ನು ನೆಮ್ಮದಿ. ಬರ್ತಾ ಇರು ಮಾರಾಯ," ಎಂದು ಅಶೋಕ್ ಫೋನ್ ಇಟ್ಟ.

ಜಯಪ್ರಕಾಶ್ ಯಂತ್ರದ ಹಿಂಬದಿಗೆ ಕೈ ಹಾಕಿದರು. ಸ್ವಿಚ್ ಎಂಟು ವರ್ಷದ ಧೂಳಿಗೆ ಬಿಗಿದಿತ್ತು, ಎರಡು ಸಲ ಅದುಮಬೇಕಾಯಿತು. ಕೆಂಪು ದೀಪ ಆರಿತು. ಅದರ ಜೊತೆಗೆ ಇನ್ನೊಂದೂ ನಿಂತಿತು. ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರಿನ ಸಣ್ಣ ಗುಂಯ್. ಹಗಲೂ ರಾತ್ರಿ ಇದ್ದದ್ದರಿಂದ ಅದು ಕೋಣೆಯದೇ ಸದ್ದು ಎಂಬಂತೆ ಅವರು ಮರೆತಿದ್ದರು. ಈಗ ಬೀದಿಯಲ್ಲಿ ಯಾರೋ ಶೆಟರ್ ಎಳೆದದ್ದು, ಸೂರಿನಿಂದ ಹನಿ ಬೀಳುವುದು ಕೇಳತೊಡಗಿತು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕನಿಗೆ ಫೋನ್ ಮಾಡಿದರು.

"ಅಕ್ಕ, ನಾಳೆ ಬರ್ತೇನೆ. ಎರಡು ದಿನ ಇರ್ತೇನೆ."

ಆ ಕಡೆಯಿಂದ ಚೋಮಿ ಕೇಳಿದರು: "ಎಂಥಾತು?"

"ಎಂಥ ಇಲ್ಲೆ."

"ಪೆಟ್ಟಿಗೆ ಯಾರು ನೋಡ್ಕಣ್ದು?"

"ನೋಡೋದು ಬೇಡ," ಎಂದರು. ಮತ್ತೆ, ಅಕ್ಕ ಇನ್ನೇನಾದರೂ ಕೇಳುವ ಮೊದಲೇ, "ರಶ್ಮಿತಾ ಇರ್ತಾಳಲ್ಲ ಮನೇಲಿ? ಅವ್ಳ ಫೋನಿನಲ್ಲಿ ನಂದೊಂದು ರೆಕಾರ್ಡ್ ಉಂಟು. ಅಳಿಸಬೇಡ ಅಂತ ಹೇಳು."