ಮಗ್ಗ ನಿಂತ ಹೊತ್ತು

ಖಟಖಟ, ಖಟಖಟ. ರಬಕವಿಯ ಆ ಓಣಿಯಲ್ಲಿ ಮಗ್ಗದ ಸದ್ದಿಗೆ ಗೂಟಕ್ಕೆ ತೂಗುಹಾಕಿದ ಕನ್ನಡಿಯೂ ಸಣ್ಣಗೆ ನಡುಗುತ್ತಿತ್ತು. ಕೂಲಿ ನೇಕಾರ ಧರೆಪ್ಪನ ಮಗಳು ತಂಗೆವ್ವ ಹುಟ್ಟಿದ್ದು, ಓದಿದ್ದು ಆ ಸದ್ದಿನೊಳಗೇ. ಹೆಚ್ಚಿನ ಓದಿಗೆ ಬೆಂಗಳೂರಿಗೆ ಹೋದ ಹೊಸದರಲ್ಲಿ ಅವಳಿಗೆ ನಿದ್ದೆ ಹತ್ತಿರಲಿಲ್ಲ. ವರ್ಷಗಳು ಕಳೆದಂತೆ ಆ ಮೌನವೂ ರೂಢಿಯಾಯಿತು.

1994ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿ ಊರಿಗೆ ಬಂದಳು. ಕೈಬರಹದ ಕನ್ನಡ ಅಕ್ಷರಗಳನ್ನು ಯಂತ್ರ ಗುರುತಿಸುವ ಬಗೆ ಅವಳ ವಿಷಯ. ಅದನ್ನು ಮುಂದುವರಿಸಲು ಪೋಸ್ಟ್‌ಡಾಕ್ ಬೇಕಿತ್ತು, ಅಂದರೆ ಎರಡು ವರ್ಷದ ಸಂಶೋಧನೆಯ ಒಂದು ಜಾಗ. ಒಂದು ಕಡೆ ತಮ್ಮವರನ್ನೇ ಇಟ್ಟುಕೊಂಡರು, ಇನ್ನೊಂದು ಕಡೆ ಯೋಜನೆಯೇ ಮಂಜೂರಾಗಲಿಲ್ಲ, ಮತ್ತೊಂದು ಕಡೆಯಿಂದ ಮಾತೇ ಇಲ್ಲ. ಜಮಖಂಡಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತ ಕಾದಳು. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಡಾಕ್ಟರ್ ಆದರೂ ನೆಗಡಿಗೊಂದು ಗುಳಿಗೆ ಕೊಡಲು ಬರುವುದಿಲ್ಲ ಎಂದು ಓಣಿಯವರು ನಗುತ್ತಿದ್ದರು.

ಕೊನೆಗೆ ಪುಣೆಯ ಪ್ರಾಧ್ಯಾಪಕರೊಬ್ಬರು ಫೋನಿನಲ್ಲೇ ಸಂದರ್ಶನ ಮಾಡುವುದಾಗಿ ತಿಳಿಸಿದರು. ಉಳಿದಿದ್ದು ಅದೊಂದೇ, ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಓಣಿಗೆಲ್ಲ ಫೋನಿದ್ದದ್ದು ಮಗ್ಗಗಳ ಮಾಲೀಕ ಗೂಳಪ್ಪನ ಮನೆಯಲ್ಲಿ.

"ನೀ ಕಾಳಜಿ ಮಾಡಬ್ಯಾಡವಾ," ಎಂದ ಗೂಳಪ್ಪ. "ಆ ಹೊತ್ತಿನ್ಯಾಗ ನನ್ನ ಒಂದು ಮಗ್ಗಾನೂ ಮಿಸುಕಾಂಗಿಲ್ಲ."

ಮಾತಿಗೆ ತಪ್ಪುವ ಮನುಷ್ಯನಲ್ಲ. ಶುಕ್ರವಾರ ತಂಗೆವ್ವ ರಿಸೀವರ್ ಎತ್ತಿದಾಗ ಮನೆಗೆ ಹೊಂದಿಕೊಂಡ ಅವನ ಮಗ್ಗದ ಶೆಡ್ಡು ತೆಪ್ಪಗಿತ್ತು. ಮೊದಲ ಪ್ರಶ್ನೆಗೆ ಚೆನ್ನಾಗಿಯೇ ಉತ್ತರಿಸಿದಳು. ಎರಡನೆಯದು ಅವಳಿಗೆ ತೀರ ಪ್ರೀತಿಯ ವಿಷಯ.

ಆದರೆ ಆ ಓಣಿಯಲ್ಲಿ ಉಳಿದವರ ಮಗ್ಗ ನಡೆಯುತ್ತಿರುವಾಗ ಒಬ್ಬರ ಶೆಡ್ಡು ಮಾತ್ರ ನಿಂತರೆ, ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಗೂಳಪ್ಪನ ತಾಯಿ ಹಾಸಿಗೆ ಹಿಡಿದದ್ದು ಎಲ್ಲರಿಗೂ ಗೊತ್ತು. ಎದುರುಮನೆಯ ಕರೆವ್ವ ಓಡಿಬಂದು ಹೊಸ್ತಿಲಲ್ಲೇ ಕುಸಿದು, ಮುದುಕಿಯ ಗುಣ ಹಾಡಿಕೊಂಡು ಅಳತೊಡಗಿದಳು. ಹಿಂದೆ ಬಂದ ಹೆಂಗಸರು ದನಿಗೂಡಿಸಿದರು.

ಒಳಕೋಣೆಯಿಂದ ಮುದುಕಿಯೇ ಕೇಳಿದಳು: "ಯಾರು ಹೋದ್ರಬೇ?"

ಅಷ್ಟರಲ್ಲಿ ಫೋನಿನಲ್ಲಿ ಅಳು ಕೇಳಿಸಿಕೊಂಡ ಪ್ರಾಧ್ಯಾಪಕರು, ಇಂಥ ಹೊತ್ತಿನಲ್ಲಿ ತೊಂದರೆ ಕೊಟ್ಟೆ, ಕ್ಷಮಿಸಿ ಎಂದು ಫೋನು ಇಟ್ಟಿದ್ದರು. ಗೂಳಪ್ಪನ ಫೋನಿನಿಂದ ಪುಣೆಗೆ ಕರೆ ಹೋಗುತ್ತಿರಲಿಲ್ಲ, ತಂಗೆವ್ವ ಪಕ್ಕದ ಬನಹಟ್ಟಿಯ ಎಸ್‌ಟಿಡಿ ಬೂತಿಗೆ ಹೋಗಿ ಮತ್ತೆ ಮತ್ತೆ ನಂಬರು ತಿರುಗಿಸಿದಳು, ಲೈನು ಸಿಗಲಿಲ್ಲ. ಸೋಮವಾರ ಸಿಕ್ಕಾಗ ಅವರು ಮೆಲ್ಲಗೆ ಹೇಳಿದರು: ಶೋಕದಲ್ಲಿದ್ದವರನ್ನು ಅವಸರಪಡಿಸಬಾರದೆಂದು ಸುಮ್ಮನಾದೆ, ಶನಿವಾರದೊಳಗೆ ಹೆಸರು ಕಳಿಸಬೇಕಿತ್ತು, ಬೇರೊಬ್ಬರನ್ನು ತೆಗೆದುಕೊಂಡಾಯಿತು. ಸಾವೇ ಆಗಿರಲಿಲ್ಲ ಎಂದು ತಂಗೆವ್ವ ಹೇಳಿದಳು. ಹೆಸರು ಹೋಗಿಬಿಟ್ಟಿದೆಯಲ್ಲ ಎಂದು ಅವರು ಮತ್ತೊಮ್ಮೆ ಕ್ಷಮೆ ಕೇಳಿದರು.

ಮರುದಿನ ಅವಳು ಕಾಲೇಜಿಗೆ ಹೊರಟಾಗ ಗೂಳಪ್ಪ ಬಾಗಿಲಲ್ಲಿ ನಿಂತಿದ್ದ. ಕಣ್ಣೆತ್ತಲಿಲ್ಲ.

"ನಿನಗ ಛಲೋ ಆಗ್ಲೆಂತ ನಿಲ್ಲಿಸಿದ್ನೆವಾ."

"ಗೊತ್ತೈತ್ರಿ ಕಾಕಾ. ನಾನೂ ಈ ಓಣ್ಯಾಗ ಹುಟ್ಟಿದಾಕಿ, ನನಗರ ನೆನಪಾಗಬೇಕಿತ್ತು. ಹಿಂದಿನ ದಿನಾನ ಕರೆವ್ವಗ ಒಂದು ಮಾತು ಹೇಳಿದ್ರ ಈಗ ನಾ ಪುಣೆಗೆ..." ಎನ್ನುತ್ತಲೇ ಚೀಲ ಹೆಗಲಿಗೇರಿಸಿ ಜಮಖಂಡಿ ಬಸ್ಸಿನ ಕಡೆಗೆ ನಡೆದುಬಿಟ್ಟಳು.