ಕತ್ತರಿಸಿ ಬಿಸಾಡಿದ ಜಡೆ

ನನ್ನ ಮೈಮೇಲೆ ಯಾವ ದೇವರೂ ಬಂದಿರಲಿಲ್ಲ. ಹೆತ್ತ ಮಗು ಸತ್ತಿತ್ತು, ನನಗೆ ಮನಸ್ಸು ಕೆಟ್ಟಿತ್ತು, ಐದು ತಿಂಗಳು ತಲೆ ಬಾಚಿಕೊಳ್ಳಲಿಲ್ಲ. ಆದದ್ದು ಇಷ್ಟೇ. ನಮ್ಮ ಮನೆಯವರು ಈಗಲೂ ಮೊಮ್ಮಕ್ಕಳ ಮುಂದೆ, ನಿಮ್ಮಜ್ಜಿಗೆ ಆಗ ಅಮ್ಮನವರು ಒಲಿದಿದ್ದರು ಅನ್ನುತ್ತಾರೆ. ಅದನ್ನು ಕೇಳಿ ಕೇಳಿ ಹೇಸಿಗೆಯಾಗಿ ಬರೆದಿಡುತ್ತಿದ್ದೇನೆ. ನನಗೆ ಒಲಿದದ್ದು ಹೇನು.

ಅದು ಎರಡನೇ ಮಹಾಯುದ್ಧದ ಕಾಲ. ಗಂಡನ ಮನೆಯವರು ಹಿಂದೂಪುರದಲ್ಲಿ ಬೆಲ್ಲ, ಹುಣಸೇಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ತವರಿನಲ್ಲಿ ತಾಯಿ ಇರಲಿಲ್ಲವಾಗಿ ಚೊಚ್ಚಲ ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು. ಹೆಣ್ಣುಮಗು. ಹದಿನೆಂಟು ದಿನಕ್ಕೆ ಜ್ವರ ಬಂದು ತೀರಿಹೋಯಿತು. ಹಸುಗೂಸಿಗೆ ಇಷ್ಟು ಅಳುವುದೇನು ಎಂದು ಅತ್ತೆ ನಾಲ್ಕನೇ ದಿನಕ್ಕೇ ನನ್ನನ್ನು ಒಲೆ ಮುಂದೆ ಕೂರಿಸಿದರು. ಕೂತೆ. ಒಲೆ ಆರಿದರೂ ಏಳಲಿಲ್ಲ. ಆಮೇಲೆ ಹುಣಸೇಹಣ್ಣಿನ ಮೂಟೆ ಒಟ್ಟುವ ಕೋಣೆಗೆ ಹೋಗಿ ಅಲ್ಲೇ ಉಳಿದುಬಿಟ್ಟೆ. ಮಾತು ನಿಂತಿತು. ಅನ್ನ ಇಳಿಯುತ್ತಿರಲಿಲ್ಲ. ಮೊದಮೊದಲು ಹುಚ್ಚಿ ಎಂದು ಕರೆದು, ಮನೆಗೆ ಯಾರಾದರೂ ಬಂದರೆ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು.

ಮೂರು ತಿಂಗಳಾದ ಮೇಲೆ ಒಂದು ದಿನ ಅತ್ತೆ ನನ್ನ ತಲೆಯ ಹಿಂಭಾಗ ಮುಟ್ಟಿ ನೋಡಿದರು. ಕೂದಲು ಸಿಕ್ಕುಗಟ್ಟಿ ಹಗ್ಗದ ಹಾಗಾಗಿತ್ತು.

“ಇದು ಸಿಕ್ಕಲ್ಲ ಕಣ್ರಪ್ಪ, ಜಡೆ ಇಳಿದೈತೆ. ಅಮ್ಮನೋರ ಗುರ್ತು. ಯಾರೂ ಬಾಚಣಿಗೆ ಸೋಕಿಸ್ಬ್ಯಾಡ್ರಿ” ಅಂದರು.

ನಮ್ಮ ಕಡೆ ಹಾಗೊಂದು ನಂಬಿಕೆ. ಜಡೆಗಟ್ಟಿದ ಕೂದಲು ದೇವಿಯದು, ಅದಕ್ಕೆ ಕತ್ತರಿ ಹಾಕಿದವರು ರಕ್ತ ಕಾರಿ ಸಾಯುತ್ತಾರೆ. ಹುಚ್ಚು ಸೊಸೆಯ ಅತ್ತೆ ಆಗುವುದಕ್ಕಿಂತ ದೇವರು ಬಂದ ಮನೆಯ ಯಜಮಾನಿ ಆಗುವುದು ಅವರಿಗೂ ಹಿತವಾಯಿತೇನೋ. ಮುಚ್ಚಿದ್ದ ಬಾಗಿಲು ತೆರೆಯಿತು. ಮಂಗಳವಾರ, ಶುಕ್ರವಾರ ಜನ ಬರತೊಡಗಿದರು. ಕೂದಲಿಗೆ ಅರಿಶಿನ ಮೆತ್ತಿದರು, ಕುಂಕುಮ ಸುರಿದರು, ಎಣ್ಣೆ ಹೊಯ್ದರು, ಅದರ ಮೇಲೆ ಹಾಲೆರೆದರು. ತೊಳೆಯುವ ಹಾಗಿಲ್ಲ. ಹಾಲು ಒಳಗೇ ಹುಳಿಯಾಗಿ, ಬೇಸಗೆಯ ಸೆಕೆಗೆ ಕೊಳೆಯಿತು. ಹೇನು ಹರಿದು ಕತ್ತಿನವರೆಗೆ ಬರುತ್ತಿದ್ದವು. ಆ ತಲೆಯನ್ನು ಬಸುರಿಯರು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ನನ್ನ ಗಂಡನೂ ನನಗೆ ಕೈಮುಗಿಯಲು ಶುರು ಮಾಡಿದರು. ಹಾಸಿಗೆಯನ್ನು ಅಂಗಡಿಗೆ ಸಾಗಿಸಿಕೊಂಡರು. ಮಗು ಸತ್ತ ದಿನ ನನ್ನ ಪಕ್ಕ ಬಂದು ಕೂರದ ಮನುಷ್ಯ, ಈಗ ದಿನಾ ಸ್ನಾನ ಮಾಡಿ ಎದುರಿಗೆ ನಿಲ್ಲುತ್ತಿದ್ದರು.

ಒಂದು ಶುಕ್ರವಾರ ಗೋರಂಟ್ಲದ ಕಡೆಯ ಹೆಂಗಸೊಬ್ಬಳು ಬಂದು, ಮಗಳಿಗೆ ಗೊತ್ತಾದ ಗಂಡು ಆಗಬಹುದೇ ಎಂದು ತೆಲುಗಿನಲ್ಲಿ ಕೇಳಿದಳು. ಅದೇ ಹೊತ್ತಿಗೆ ಅತ್ತೆ ನನ್ನ ಬಾಯಿಗೆ ಬಾಳೆಹಣ್ಣು ತುರುಕುತ್ತಿದ್ದರು. ನಾನು ಬೇಡ ಅಂದೆ. ಬೇಡ ಅಂದದ್ದು ಹಣ್ಣಿಗೆ. ಅವರು ಸಂಬಂಧ ಮುರಿದುಕೊಂಡು ಹೋದರು. ಆ ಹುಡುಗಿಯ ಮುಖವನ್ನೂ ನಾನು ನೋಡಿಲ್ಲ. ಎಲ್ಲಕ್ಕಿಂತ ನನ್ನ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಆಗ.

ಇಷ್ಟಾದ ಮೇಲೆ ನನ್ನನ್ನು ಪೂರ್ತಿ ದೇವಿಗೆ ಬಿಡುವುದೆಂದು ಗೊತ್ತುಮಾಡಿದರು. ತವರಿನವರು ಕೊಟ್ಟ ಸೀರೆ ಉಡಿಸಿ ಬಿಟ್ಟರೆ ಮುಗಿಯಿತು. ಮತ್ತೆ ಗಂಡ, ಮಕ್ಕಳು, ಒಲೆ ಎಂದು ತಿರುಗುವ ಹಾಗಿಲ್ಲ. ಸಾಯುವ ತನಕ ಆ ಮೂಟೆಗಳ ನಡುವೆ, ಆ ಕೂದಲು ಹೊತ್ತುಕೊಂಡು ಕೂರಬೇಕು. ಸೀರೆ ತರಲು ಗಂಡ ನನ್ನನ್ನು ಕಲ್ಯಾಣದುರ್ಗಕ್ಕೆ, ಅಣ್ಣನ ಮನೆಗೆ ಕರೆದುಕೊಂಡು ಹೊರಟರು. ಆಗ ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಲ್ಲಿ ಬಸ್ಸು ಓಡುತ್ತಿತ್ತು. ಜನ ನನ್ನ ಪಕ್ಕದ ಜಾಗ ಬಿಟ್ಟು ನಿಂತರು. ಭಕ್ತಿಗೋ ನಾತಕ್ಕೋ, ಕೇಳಲಿಲ್ಲ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಮೈಗೆ ನೀರು ಹಾಕಲು ಬಚ್ಚಲಿಗೆ ಕರೆದೊಯ್ದಳು. ತಲೆಯ ಹತ್ತಿರ ಬಗ್ಗಿದವಳೇ ಮೂಲೆಗೆ ಓಡಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದುಕೊಂಡು ಬಂದು,

“ಥೂ, ಸತ್ತ ಇಲಿ ನಾರ್ದಂಗೆ ನಾರ್ತೀಯ ಕಣಮ್ಮ. ಅಮ್ಮನೋರಿಗೆ ಮೂಗಿಲ್ವಾ?” ಅಂದಳು.

ನನಗೆ ಸಿಟ್ಟು ಬರಲಿಲ್ಲ. ಐದು ತಿಂಗಳಲ್ಲಿ ನನ್ನನ್ನು ಕಂಡು ಮನುಷ್ಯರ ಹಾಗೆ ಹೇಸಿದವಳು ಅವಳೊಬ್ಬಳೇ. ಬೆನ್ನು ಉಜ್ಜುತ್ತಾ ಇನ್ನೊಂದು ಕೇಳಿದಳು.

“ಎದೆಹಾಲು ಎಲ್ಲಿಗೆ ಹಿಂಡ್ತಿದ್ದೆ?”

ನಮ್ಮಲ್ಲಿ ಮಗು ಹೋದರೆ ಹಾಲನ್ನು ತುಳಿಯದ ಕಡೆ, ಗಿಡದ ಬುಡಕ್ಕೆ ಹಾಕಬೇಕು.

“ಬಚ್ಚಲಿಗೆ” ಅಂದೆ. ಮಗು ಹೋದ ಮೇಲೆ ಯಾರಾದರೂ ಕೇಳಿದ್ದಕ್ಕೆ ನಾನು ಕೊಟ್ಟ ಮೊದಲ ಉತ್ತರ ಅದು. ಆಮೇಲೆ ಹಂಡೆಯ ನೀರು ಆರುವವರೆಗೆ ಅಳುತ್ತಲೇ ಇದ್ದೆ. ಅವಳು ಸಮಾಧಾನ ಮಾಡಲಿಲ್ಲ, ಉಜ್ಜುವುದನ್ನೂ ನಿಲ್ಲಿಸಲಿಲ್ಲ.

ಕೊನೆಗೆ, ಇದನ್ನು ತೆಗೆದುಹಾಕು ಅಂದೆ.

“ನಾನ್ ಮುಟ್ಟಕಿಲ್ಲಮ್ಮ. ನಂಗೂ ಮಕ್ಕಳವೆ, ಭಯ ಐತೆ. ಕತ್ತರಿ ಬೇಕಾದ್ರೆ ತಂದ್ಕೊಡ್ತೀನಿ.”

ಪಕ್ಕದ ಕಂಬಳಿ ನೇಯುವವರ ಮನೆಯಿಂದ ಕುರಿ ಉಣ್ಣೆ ಕತ್ತರಿಸುವ ಕತ್ತರಿ ತಂದು ನನ್ನ ಮುಂದಿಟ್ಟು ದೂರ ನಿಂತಳು. ನಾನೇ ಕತ್ತರಿಸಿದೆ. ಸುಲಭಕ್ಕೆ ಬರಲಿಲ್ಲ, ಹಳೇ ಚಪ್ಪಲಿ ಕೊಯ್ದ ಹಾಗಿತ್ತು. ಕೆಳಗೆ ನೆತ್ತಿಯೆಲ್ಲ ಹುಣ್ಣು. ಬಿದ್ದ ಜಡೆಯನ್ನು ಕೋಲಿನಿಂದ ಎತ್ತಿ ತಿಪ್ಪೆಗೆ ಹಾಕಿದೆ.

ಜಗುಲಿಯಲ್ಲಿದ್ದ ಗಂಡ ಎದ್ದು ನಿಂತರು.

“ಏನ್ ಮಾಡ್ಬುಟ್ಟೆ? ಅವ್ವಂಗೆ ಏನಂತ ಹೇಳ್ಲಿ?”

“ಹೇನಿದ್ವು ಅಂತ ಹೇಳ್ರಿ.”

“ಅಮ್ಮನೋರು ಮುನಿಸ್ಕಂಡ್ರೆ?”

“ನನ್ ಮ್ಯಾಲೆ ಮುನಿಸ್ಕಳ್ಳಿ. ನೀವು ಆ ಕೈ ಕೆಳಗಿಳಿಸ್ರಿ.”

ಕೈ ಆಗಲೂ ಮುಗಿದೇ ಇತ್ತು. ಅವರು ಸಂಜೆಯ ಬಸ್ಸಿಗೆ ಒಬ್ಬರೇ ಹೋದರು. ಕರೆಯಲು ಬಂದದ್ದು ವರ್ಷದ ಮೇಲೆ, ಕೈಮುಗಿಯದೆ, ನೆಟ್ಟಗೆ ಮಾತಾಡುತ್ತಾ. ಆಗ ಹೋದೆ. ಯಾರೂ ರಕ್ತ ಕಾರಲಿಲ್ಲ. ಕತ್ತರಿ ಹಾಕಿದ ಕೂಡಲೇ ನನ್ನ ತಲೆ ಸರಿಯಾಯಿತು ಎಂದೂ ಅಂದುಕೊಳ್ಳಬೇಡಿ. ಎಷ್ಟೋ ದಿನ ಗೋಡೆ ನೋಡಿಕೊಂಡು ಮಲಗಿದ್ದೇನೆ. ಅತ್ತಿಗೆ ಬೈದು ಎಬ್ಬಿಸಿ ರಾಗಿ ಬೀಸಲು ಕೂರಿಸುತ್ತಿದ್ದಳು. ನಾಲ್ಕು ದಿನ ಬೀಸಿದರೆ ಒಂದು ದಿನ ಕೈ ಏಳುತ್ತಿರಲಿಲ್ಲ.

ಕತ್ತರಿಸಿದ ಮರುದಿನ ಬೆಳಿಗ್ಗೆ ಕೊಡ ತೆಗೆದುಕೊಂಡು, ತಲೆಗೆ ಸೆರಗು ಹೊದೆಯದೆ, ಸೇದುವ ಬಾವಿಗೆ ಹೋದೆ. ಹೆಂಗಸರು ನನ್ನ ಹುಣ್ಣಿನ ತಲೆ ನೋಡಿದರು. ನಾನು ಕೊಡವನ್ನು ಎಲ್ಲರಿಗಿಂತ ಮುಂದೆ ಇಟ್ಟುಬಿಟ್ಟಿದ್ದೆ. ನಾವು ಮುಂಚೆ ಬಂದಿದ್ದು, ಹಿಂದಕ್ಕಿಡಮ್ಮ ಎಂದು ಒಬ್ಬಳು, ಉಳಿದವರನ್ನು ಗದರುವ ಹಾಗೆಯೇ, ಗದರಿಸಿದಳು. ಹಿಂದಕ್ಕಿಟ್ಟು, ನನ್ನ ಸರದಿ ಬಂದಾಗ ಸೇದಿದೆ.